ಅಕೌಲಿಸ್ಸಾ, ಕ್ಲೂಸಿಯೈಯಾ? ನಮ್ಮ ಮನೆಯವರ ಗುಂಪಿನಲ್ಲಿ ನಡೆದ ಚರ್ಚೆ

ಅನು: ಇಟಲಿಯ ಡಾಲಮೈಟ್ಸ್ ಬೆಟ್ಟಗಳಿಂದ ಮೂರು ನೀಲಿ ಜೆನ್ಶಿಯನ್ ಹೂವಿನ ಫೋಟೊ ಹಾಕಿದ್ದೇನೆ. ಮೂರಕ್ಕೂ ‘ಜೆನ್ಶಿಯಾನಾ ಅಕೌಲಿಸ್’ ಅಂತ ಬರೆದು ಕಾರ್ಡ್ ಪ್ರಿಂಟ್ ಮಾಡಿಸಬೇಕು ಅಂತಿದ್ದೇನೆ. ಸರಿ ಇದೆಯಾ ನೋಡಿ.

ಗೀತಾ: ಎಂಥ ನೀಲಿ! ಹಾಗೇ ಪ್ರಿಂಟ್ ಮಾಡಿಸು.

ರಘು: ತಡಿ ಅನು. ಡಾಲಮೈಟ್ಸ್ ಅಂದರೆ ಸುಣ್ಣಕಲ್ಲಿನ ಜಾತಿಯ ಬಂಡೆ. ಅಲ್ಲಿ ಬೆಳೆಯುವುದು ಜೆನ್ಶಿಯನ್‌ನ ಇನ್ನೊಂದು ಜಾತಿ, ಕ್ಲೂಸಿಯೈ. ಅಕೌಲಿಸ್‌ಗೆ ಆಮ್ಲೀಯ ಮಣ್ಣು ಬೇಕು. ಹೆಸರು ಬದಲಾಯಿಸು.

ಶೈಲಾ: ರಘು, ಬಂಡೆ ನೋಡಿ ಹೂವಿಗೆ ಹೆಸರಿಡಬೇಡ. ಅನು, ಒಂದನೇ ಫೋಟೊ ಎಲ್ಲಿ ತೆಗೆದಿದ್ದು?

ಅನು: ಮಾರ್ಮೊಲಾಡಾ ಬೆಟ್ಟದ ಎದುರಿಗಿರುವ ಪಾದೋನ್ ಸಾಲಿನಲ್ಲಿ, ದೊಡ್ಡಮ್ಮ. ಅಲ್ಲಿ ಕಲ್ಲು ಕಪ್ಪಗಿತ್ತು.

ಶೈಲಾ: ನೋಡಿದೆಯಾ ರಘು? ಮಾರ್ಮೊಲಾಡಾ ಸುಣ್ಣಕಲ್ಲು, ಅದರ ಎದುರಿನ ಪಾದೋನ್ ಜ್ವಾಲಾಮುಖಿ ಬಂಡೆ. ಕಣಿವೆಯ ಈಚೆಗೊಂದು ಮಣ್ಣು, ಆಚೆಗೊಂದು. ಸುಣ್ಣಕಲ್ಲಿನ ಮೇಲೂ ಎಲೆಗೊಬ್ಬರ ದಪ್ಪಗೆ ಕೂತು, ಮಳೆಗೆ ಸುಣ್ಣ ತೊಳೆದುಹೋದರೆ ಮೇಲಿನ ಪದರ ಆಮ್ಲೀಯ ಆಗುತ್ತದೆ. ಸಸ್ಯಕ್ಕೆ ಬೇರು ಇರುವಷ್ಟು ಆಳದ ಮಣ್ಣು ಮುಖ್ಯ. ಬೆಟ್ಟದ ಹೆಸರು ತಗೊಂಡು ಅದಕ್ಕೇನು?

ರಘು: ಅಕ್ಕ, ಬಂಡೆಗೆ ಬೆಲೆಯೇ ಇಲ್ಲ ಅನ್ನುವ ಹಾಗೆ ಹೇಳಬೇಡ. ಅಲ್ಲಿನ ಕೆಂಪು ರೋಡೋಡೆಂಡ್ರಾನ್ ಪೊದೆಗಳಲ್ಲೂ ಇದೇ ಕಥೆ. ಎಲೆಯಂಚಿಗೆ ಕೂದಲಿರುವ ಹಿರ್ಸುಟಮ್ ಸುಣ್ಣದ ಕಡೆ, ಎಲೆಯಡಿ ತುಕ್ಕಿನ ಬಣ್ಣ ಇರುವ ಫೆರುಜಿನಿಯಮ್ ಆಮ್ಲೀಯ ಮಣ್ಣಿನ ಕಡೆ. ಮಣ್ಣು ಜೋಡಿಯನ್ನು ಬೇರೆ ಮಾಡುತ್ತದೆ.

ಶೈಲಾ: ಒಪ್ಪುತ್ತೇನೆ. ಎಲ್ಲಿ ಹುಡುಕಬೇಕು ಅಂತ ಮಣ್ಣು ಹೇಳುತ್ತದೆ. ಸಿಕ್ಕಿದ್ದು ಯಾವುದು ಅಂತ ಹೂವೇ ಹೇಳಬೇಕು.

ಗೀತಾ: ಎರಡೂ ನೀಲಿ, ಎರಡೂ ತುತ್ತೂರಿ. ಕಾರ್ಡ್‌ಗೆ ಇಷ್ಟು ಸಾಕಲ್ವಾ ಅಕ್ಕ?

ಶೈಲಾ: ಸಾಕಾಗಲ್ಲ ಗೀತಾ. ಕಾರ್ಡ್ ಹತ್ತು ಜನರ ಕೈಗೆ ಹೋಗುತ್ತದೆ, ಅವರು ಅದನ್ನೇ ನಂಬುತ್ತಾರೆ. ಸಸ್ಯವಿಜ್ಞಾನಿ ಲಿನ್ನೇಯಸ್ 1753ರಲ್ಲಿ ಅಕೌಲಿಸ್ ಅಂತ ಹೆಸರಿಟ್ಟ. ಕಾಂಡ ಗಿಡ್ಡವಾಗಿರುವ ಈ ನೀಲಿ ತುತ್ತೂರಿಗಳನ್ನೆಲ್ಲ ಜನ ಬಹಳ ಕಾಲ ಆ ಒಂದೇ ಹೆಸರಿನಿಂದ ಕರೆದರು. ಆಮೇಲೆ ಬೇರೆ ಮಾಡಿದ್ದಕ್ಕೆ ಕಾರಣ ಇದೆ.

ಅನು: ಹಾಗಾದರೆ ಏನು ನೋಡಬೇಕು?

ಶೈಲಾ: ಮೊದಲು ಗಂಟಲು. ಒಂದನೇ ಫೋಟೊದಲ್ಲಿ ಹೂವಿನ ಒಳಗೆ ಎಣ್ಣೆಹಸಿರು ಚುಕ್ಕೆ, ಗೆರೆ ಕಾಣುತ್ತವೆ. ಅದು ಅಕೌಲಿಸ್ ಕಡೆಯ ಗುರುತು. ಎರಡನೆಯದರಲ್ಲಿ ಹಸಿರು ಇಲ್ಲ. ಆದರೆ ಕ್ಲೂಸಿಯೈನಲ್ಲೂ ಒಮ್ಮೊಮ್ಮೆ ಸ್ವಲ್ಪ ಹಸಿರು ಇರುತ್ತದೆ. ಅದಕ್ಕೇ ಹೂವಿನ ಬುಡವನ್ನು ಸುತ್ತಿರುವ ಹಸಿರು ಬಟ್ಟಲು ನೋಡಲೇಬೇಕು. ಎಲ್ಲರೂ ಹೂವಿನ ಮುಖದ ಫೋಟೊ ತೆಗೆಯುತ್ತಾರೆ, ಬೇಕಾದ ಗುರುತು ಪಕ್ಕದಲ್ಲಿರುತ್ತದೆ! ಪಕ್ಕದಿಂದ ತೆಗೆದದ್ದು ಇದೆಯಾ?

ಅನು: ಎರಡೂ ಹೂವಿನದ್ದು ಇದೆ. ಕಳಿಸಿದೆ.

ಶೈಲಾ: ಒಂದನೆಯದರಲ್ಲಿ ಬಟ್ಟಲಿನ ಅಂಚಿನ ಹಲ್ಲುಗಳ ನಡುವೆ ಅಗಲವಾದ ಜಾಗ ಇದೆ. ಅಲ್ಲಿ ಬಿಳಿ ಪೊರೆ ಕಾಣುತ್ತದೆ. ಹಲ್ಲು ಬುಡದಲ್ಲಿ ಸಣ್ಣಗಾಗಿದೆ. ಎಲೆ ಮೆತ್ತಗೆ, ಅಗಲ. ಅಕೌಲಿಸ್, ಅನುಮಾನ ಬೇಡ.

ರಘು: ಎರಡನೆಯದು? ಅದರ ಹಿಂದೆ ಬಿಳಿ ಜಲ್ಲಿಯೇ ಇದೆ.

ಶೈಲಾ: ಅದರ ಹಲ್ಲು ತ್ರಿಕೋನ, ಬುಡದಲ್ಲೇ ಅಗಲ, ಹೂವಿಗೆ ಒತ್ತಿಕೊಂಡಿದೆ. ಹಲ್ಲುಗಳ ನಡುವೆ ಚೂಪಾದ ಸಂದು, ಪೊರೆ ಇಲ್ಲ. ಎಲೆ ಚರ್ಮದ ಹಾಗೆ ಗಟ್ಟಿ, ತುದಿ ಚೂಪು. ಇದು ನಿನ್ನ ಕ್ಲೂಸಿಯೈ.

ರಘು: ಕೊನೆಗೂ! ಸಸ್ಯವಿಜ್ಞಾನಿ ಕ್ಲೂಸಿಯಸ್ (1526–1609) ಆಲ್ಪ್ಸ್ ಹತ್ತಿ ಇಂಥ ಗಿಡಗಳನ್ನು ಹುಡುಕಿದವನು. ಅವನ ಹೆಸರಿನ ಹೂವನ್ನು ಕಾರ್ಡಿನಿಂದ ಬಿಡಬಾರದು.

ಅನು: ಬಿಡಲ್ಲ ಮಾವ. ಮೂರನೆಯದು ಇದರದ್ದೇ ಮರಿ ಹೂವಾ?

ಶೈಲಾ: ಅಲ್ಲ ಪುಟ್ಟಿ. ಅದರ ಕೊಳವೆ ಸಣ್ಣದು. ಮೇಲೆ ಐದು ಎಸಳು ಚಪ್ಪಟೆಯಾಗಿ ಹರಡಿವೆ. ಅದು ಜೆನ್ಶಿಯನ್‌ನಲ್ಲೇ ಬೇರೆ, ವರ್ನಾ ಗುಂಪಿನದು. ಎಷ್ಟು ಬೆಳೆದರೂ ತುತ್ತೂರಿ ಆಗಲ್ಲ.

ರಘು: ಹಿಮ ಕರಗಿದ ಒದ್ದೆ ಜಾಗದಲ್ಲಿದೆ. ಹಾಗಾದರೆ ಆ ಗುಂಪಿನ ಬವಾರಿಕಾ. ಬರೆದುಬಿಡು.

ಶೈಲಾ: ಮತ್ತೆ ಜಾಗ ನೋಡಿ ಹೆಸರು! ವರ್ನಾಗೂ ಒದ್ದೆ ಹುಲ್ಲು ಆಗುತ್ತದೆ. ಅದು ಐರ್ಲೆಂಡ್‌ನ ಬರೆನ್ ಎಂಬ ಸುಣ್ಣಕಲ್ಲಿನ ಪ್ರದೇಶದಲ್ಲಿ ಸಮುದ್ರದ ಹತ್ತಿರವೂ ಬೆಳೆಯುತ್ತದೆ. ಇಲ್ಲಿ ಎಲೆ ನೋಡಬೇಕು. ವರ್ನಾದಲ್ಲಿ ನೆಲಕ್ಕೆ ಒತ್ತಿದ ಎಲೆಗಳು ದೊಡ್ಡವು, ಕಾಂಡದ ಮೇಲಿನವು ಚಿಕ್ಕವು. ಬವಾರಿಕಾದಲ್ಲಿ ಕೆಳಗೂ ಮೇಲೂ ಹೆಚ್ಚುಕಮ್ಮಿ ಒಂದೇ ಅಳತೆ, ತುದಿ ಮೊಂಡು. ಇನ್ನೂ ಎತ್ತರದಲ್ಲಿ ಬ್ರ್ಯಾಕಿಫಿಲ್ಲಾ ಅಂತ ಇದೆ. ಅದರ ಬುಡದ ಎಲೆ ಉದ್ದದಷ್ಟೇ ಅಗಲ. ಈ ಫೋಟೊದಲ್ಲಿ ಹುಲ್ಲು ಎಲೆಯನ್ನೆಲ್ಲ ಮುಚ್ಚಿದೆ.

ಗೀತಾ: ಹಾಗಾದರೆ ಮೂರನೆಯದಕ್ಕೆ ಹೆಸರೇ ಬೇಡವಾ?

ಅನು: ನಾಳೆ ಅದೇ ದಾರಿಯಲ್ಲಿ ವಾಪಸ್ ಬರುತ್ತೇವೆ. ಒಂದು ಕಿತ್ತು ತರಲಾ?

ಶೈಲಾ: ಕೀಳಲೇಬೇಡ. ಆಲ್ಪ್ಸ್‌ನ ಹಲವು ಕಡೆ ಇವಕ್ಕೆ ಕಾನೂನಿನ ರಕ್ಷಣೆ ಇದೆ. ಮೊಣಕಾಲೂರಿ, ಹುಲ್ಲನ್ನು ಬೆರಳಿಂದ ಸರಿಸಿ, ಬುಡದ ಎಲೆಯ ಫೋಟೊ ತೆಗಿ. ಕಾಂಡದ ಎಲೆಯೂ ಅದೇ ಫೋಟೊದಲ್ಲಿ ಬರಲಿ. ಬಿಸಿಲಿದ್ದಾಗ ಹೋಗು. ಮೋಡ ಬಂದರೆ ಹೂವು ಮುಚ್ಚಿಕೊಳ್ಳುತ್ತದೆ, ಗಿಡ ಹುಡುಕುವುದೇ ಕಷ್ಟ.

ರಘು: ಬುಡದ ಎಲೆ ದೊಡ್ಡದಿದ್ದರೆ ವರ್ನಾ ಅಂತ ಒಪ್ಪುತ್ತೇನೆ. ಅಲ್ಲಿಯವರೆಗೆ ನನ್ನದು ಬವಾರಿಕಾ.

ಶೈಲಾ: ಅಲ್ಲಿಯವರೆಗೆ ಕಾರ್ಡಿನಲ್ಲಿ ‘ಜೆನ್ಶಿಯನ್’ ಅಂತಷ್ಟೇ ಇರಲಿ, ಅನು.

ಅನು: ಸರಿ ದೊಡ್ಡಮ್ಮ. ಪ್ರಿಂಟ್‌ಗೆ ನಾಳೆ ಸಂಜೆ ಕೊಡುತ್ತೇನೆ.