ಕಂಪೈಲ್‌ಗೆ ಮುಂಚೆ ಕ್ಯಾಶ್ ಖಾಲಿ ಮಾಡಬೇಕಾ?

ಕ್ಯಾತ್ಸಂದ್ರ_ಪೆಂಗ್ವಿನ್: ತುಮಕೂರಿನ ನನ್ನ ರೂಮಲ್ಲಿರೋದು 8 ಜಿಬಿ ರ‍್ಯಾಮ್, ಹಳೇ ಹಾರ್ಡ್ ಡಿಸ್ಕ್. ಲಿನಕ್ಸಿನ ತಿರುಳಾದ ಕರ್ನಲ್ ಕೋಡನ್ನ ಯಂತ್ರದ ಭಾಷೆಗೆ ಬದಲಿಸೋ ಕಂಪೈಲ್‌ಗೆ ಕೂರಿಸೋ ಮುಂಚೆ ಡ್ರಾಪ್_ಕ್ಯಾಶಸ್‌ಗೆ 3 ಬರೀತೀನಿ (ಡಿಸ್ಕಿಂದ ಓದಿದ ಫೈಲುಗಳ ನಕಲನ್ನ, ಅಂದ್ರೆ ಕ್ಯಾಶನ್ನ, ಮೆಮೊರಿಯಿಂದ ತೆಗೆಸೋ ಕರ್ನಲ್ ಸೆಟ್ಟಿಂಗ್ ಅದು). ಮೆಮೊರಿ ಖಾಲಿ ಆಗುತ್ತೆ, ಬಿಲ್ಡ್‌ಗೆ ಜಾಗ ಸಿಗುತ್ತೆ. ಎಲ್ಲರೂ ಹೀಗೇ ಮಾಡಿ.

ತಿಪಟೂರು_ತೆಂಗು: ಯಾರೂ ಮಾಡಬೇಡಿ. 3 ಬರೆದರೆ ಪೇಜ್ ಕ್ಯಾಶ್ (ಫೈಲಿನ ಒಳಗಿರೋದರ ನಕಲು) ಜೊತೆ ಡೆಂಟ್ರಿ, ಐನೋಡ್ (ಫೈಲಿನ ಹೆಸರು, ವಿವರಗಳ ನಕಲು) ಕೂಡ ಹೋಗುತ್ತೆ. ಕಂಪೈಲರ್ ಅದದೇ ಹೆಡರ್ ಫೈಲನ್ನ (ಹಲವು ಸೋರ್ಸ್ ಫೈಲುಗಳು ಹಂಚಿಕೊಳ್ಳೋ ಫೈಲು) ಮತ್ತೆ ಮತ್ತೆ ಓದುತ್ತೆ. ಮೊದಲ ಸಲ ಡಿಸ್ಕಿಂದ, ಆಮೇಲೆ ರ‍್ಯಾಮಿಂದ. ಪ್ರೋಗ್ರಾಂಗೆ ಜಾಗ ಬೇಕಾದ್ರೆ ಕರ್ನಲ್ಲೇ ಕ್ಯಾಶ್ ಬಿಟ್ಟುಕೊಡುತ್ತೆ. free ಕಮಾಂಡ್ ತೋರಿಸೋದ್ರಲ್ಲಿ 'ಫ್ರೀ' ಕಾಲಂ ಬಿಟ್ಟು 'ಅವೈಲಬಲ್' (ಕ್ಯಾಶ್ ಬಿಟ್ಟುಕೊಟ್ರೆ ಸಿಗೋ ಜಾಗವೂ ಸೇರಿ) ನೋಡಿ. ನೀವು ಮಾಡ್ತಿರೋದು ಕೊಬ್ಬರಿ ತುಂಬಿದ ಅಟ್ಟ ಬರಿದು ಮಾಡಿ 'ಜಾಗ ಆಯ್ತು' ಅನ್ನೋ ಕೆಲಸ.

ಶಿರಾ_ಗೇಟ್: ಕೊಬ್ಬರಿ ಹೋಲಿಕೆ ಪೂರ್ತಿ ತಪ್ಪು. ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿ ಆಗೋಕೆ ತಿಂಗಳುಗಟ್ಟಲೆ ಬೇಕು. ಕ್ಯಾಶ್ ಕೇಳಿದ ಕ್ಷಣ ಹೋಗುತ್ತೆ.

ತಿಪಟೂರು_ತೆಂಗು: ತಿಪಟೂರಿನವನಿಗೇ ಕೊಬ್ಬರಿ ಪಾಠಾನಾ? ದುಡ್ಡು ಬೇಕಾದಾಗ ಅಟ್ಟದಿಂದ ಇಳಿಸಿ ಮಾರಲ್ವಾ?

ಶಿರಾ_ಗೇಟ್: ಮಾರಿದ ಮೇಲೆ ಕೊಬ್ಬರಿ ಹೋಯ್ತು. ಓದಿದ ಫೈಲಿನ ಕ್ಯಾಶ್ ಬರೀ ನಕಲು, ಮೂಲ ಡಿಸ್ಕಲ್ಲೇ ಇರುತ್ತೆ. ಇಷ್ಟು ಗೊತ್ತಿಲ್ಲದೆ ಬೇರೆಯವರನ್ನ ತಿದ್ದೋಕೆ ಬರ್ತೀರಿ!

ಕ್ಯಾತ್ಸಂದ್ರ_ಪೆಂಗ್ವಿನ್: ಮೂಲ ಡಿಸ್ಕಲ್ಲೇ ಇರುತ್ತೆ, ಸರಿ. ಹಾಗಾದ್ರೆ ನಾನು ಕಳ್ಕೊಂಡಿದ್ದೇನು? ಡ್ರಾಪ್_ಕ್ಯಾಶಸ್‌ನಿಂದ ಏನೂ ಹಾಳಾಗಲ್ಲ ಅಂತ ಕರ್ನಲ್ ದಾಖಲೆಯಲ್ಲೇ ಇದೆ.

ಮಧುಗಿರಿ_ಬೆಟ್ಟ: ಅದೇ ದಾಖಲೆಯಲ್ಲಿ, ಪರೀಕ್ಷೆ, ಡೀಬಗ್ ಬಿಟ್ಟು ಬೇರೆ ಕಡೆ ಬಳಸಬೇಡಿ ಅಂತಲೂ ಇದೆ. ಅದನ್ನ ಯಾಕೆ ಬಿಟ್ರಿ? ಕಳ್ಕೊಂಡಿದ್ದು ಸಮಯ, ಹಳೇ ಡಿಸ್ಕಿನ ಮುಳ್ಳು ಮತ್ತೆ ಓಡಾಡಬೇಕು. ಹೆಡರೆಲ್ಲ ರ‍್ಯಾಮಿಗೆ ಬಂದ ಮೇಲೆ ಹೊತ್ತು ತಿನ್ನೋದು ಸಿಪಿಯು. ಆಗ ಬೇಕಾಗಿರೋದು ಸಿಕ್ಯಾಶ್ ಅನ್ನೋ ಪ್ರೋಗ್ರಾಂ. ಪ್ರೋಗ್ರಾಮರ್ ಆಂಡ್ರ್ಯೂ ಟ್ರಿಡ್ಜೆಲ್ 2002ರಲ್ಲಿ ತಂದಿದ್ದು. ಕಂಪೈಲ್ ಆದ ಆಬ್ಜೆಕ್ಟ್ ಫೈಲನ್ನೇ ಡಿಸ್ಕಲ್ಲಿ ಇಟ್ಟುಕೊಂಡು, ಸೋರ್ಸ್ ಬದಲಾಗದಿದ್ರೆ ಅದನ್ನೇ ಕೊಡುತ್ತೆ. ಮೇಕ್ ಕ್ಲೀನ್ (ಬಿಲ್ಡ್ ಆದ ಫೈಲುಗಳನ್ನ ಅಳಿಸೋ ಕಮಾಂಡ್) ಮಾಡಿದ್ರೂ ಉಳಿಯುತ್ತೆ.

ಕ್ಯಾತ್ಸಂದ್ರ_ಪೆಂಗ್ವಿನ್: 'ಡಿಸ್ಕಲ್ಲಿ'? ನನ್ನ ಡಿಸ್ಕೇ ನಿಧಾನ ಅಂತ ಮೊದಲೇ ಬರೆದಿದ್ದೀನಿ. ಎಲ್ಲಾ ಟಿಎಂಪಿಎಫ್ಎಸ್‌ಗೆ ಹಾಕ್ತೀನಿ, ರ‍್ಯಾಮಲ್ಲೇ ಇರಲಿ.

ಮಧುಗಿರಿ_ಬೆಟ್ಟ: ಕರೆಂಟ್ ಹೋದ್ರೆ ಅಲ್ಲಿರೋದೆಲ್ಲ ಹೋಯ್ತು. 8 ಜಿಬಿ ತುಂಬಿದ್ರೆ ಅದೂ ಸ್ವಾಪ್‌ಗೆ, ಅಂದ್ರೆ ಅದೇ ಡಿಸ್ಕಿಗೆ ಬರುತ್ತೆ.

ಕ್ಯಾತ್ಸಂದ್ರ_ಪೆಂಗ್ವಿನ್: ಕರೆಂಟಿಗೆ ಯುಪಿಎಸ್ ಇದೆ.

ತಿಪಟೂರು_ತೆಂಗು: ಶಿರಾ ಗೇಟ್‌ನವರೇ, ನಕಲು ಆದ್ರೂ ಕೈಗೆ ಹತ್ತಿರ ಇದ್ರೆ ತಾನೇ ಬೇಗ ಸಿಗೋದು? ನಾನು ಹೇಳಿದ್ದೂ ಅದೇ.

ಶಿರಾ_ಗೇಟ್: ನೀವು ಹೇಳಿದ್ದು ಕೊಬ್ಬರಿ. ಮೊದಲು ಅದನ್ನ ವಾಪಸ್ ತಗೊಳ್ಳಿ.