ದಾಲ್ ಮಿಲ್ಲಿನವರಿಗೆ ಕೌನ್ಸೆಲಿಂಗ್: ತಲೆಗಿಷ್ಟು ಅಂತ ಕೊಡೋದಾ, ಹೋದಷ್ಟಕ್ಕೆ ಕೊಡೋದಾ?

ಕಪನೂರ ಲೆಕ್ಕದವನು:
ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಕಪನೂರ ಇಂಡಸ್ಟ್ರಿಯಲ್ ಏರಿಯಾದ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಎಚ್‌ಆರ್ ಅಂತ ಬೇರೆ ಯಾರೂ ಇಲ್ಲ, ಅದೂ ನನ್ನ ಕೆಲಸವೇ. ಒಟ್ಟು 140 ಜನ ಇದ್ದೇವೆ.

ಹೋದ ತಿಂಗಳು ಸಾರ್ಟೆಕ್ಸ್ ಮಷಿನ್ (ಬಣ್ಣ ನೋಡಿ ಕೆಟ್ಟ ಬೇಳೆ ಬೇರೆ ಮಾಡುವ ಯಂತ್ರ) ಆಪರೇಟರ್ ನನ್ನ ಟೇಬಲ್ ಮುಂದೆ ಕೂತು ಚಹಾ ಕುಡಿಯುತ್ತಿದ್ದ. ಕೈಯಲ್ಲಿದ್ದ ಬಸಿ ಕಟಕಟ ಅನ್ನುತ್ತಿತ್ತು. ಅರ್ಧ ಚಹಾ ನನ್ನ ರಿಜಿಸ್ಟರ್ ಮೇಲೆ ಚೆಲ್ಲಿತು. ಕುಡಿದು ಬಂದಿದ್ದಾನೆ ಅಂದುಕೊಂಡೆ. ಅದಲ್ಲ. ಮಗಳ ಮದುವೆಯ ಸಾಲ, ಮೂರು ತಿಂಗಳಿಂದ ನಿದ್ದೆ ಇಲ್ಲ. ಹನ್ನೊಂದು ವರ್ಷದಿಂದ ನಮ್ಮಲ್ಲಿರುವ ಮನುಷ್ಯ. ಅಡ್ವಾನ್ಸ್ ಕೊಟ್ಟು ಕಳಿಸಿದೆ. ಅದರಿಂದ ಅವನಿಗೆ ನಿದ್ದೆ ಬರುವುದಿಲ್ಲ ಅಂತ ಗೊತ್ತಿತ್ತು.

ಸಾಹುಕಾರರಿಗೆ ಹೇಳಿದೆ, ಖರ್ಚು ಮಾಡಲು ಒಪ್ಪಿದರು. ಬೆಂಗಳೂರಿನ ಒಂದು ಕಂಪನಿ ಎಂಪ್ಲಾಯಿ ಅಸಿಸ್ಟೆನ್ಸ್ ಪ್ರೋಗ್ರಾಂಗೆ, ಅಂದರೆ ಕೆಲಸಗಾರರು ಫೋನ್ ಮಾಡಿ ಕೌನ್ಸೆಲರ್ ಜೊತೆ ಮಾತಾಡುವ ವ್ಯವಸ್ಥೆಗೆ, ಕೊಟೇಶನ್ ಕಳಿಸಿದೆ. ತಲೆಗೆ ತಿಂಗಳಿಗೆ 60 ರೂಪಾಯಿ, ವರ್ಷಕ್ಕೆ 1,00,800. ಯಾರೂ ಫೋನ್ ಮಾಡದಿದ್ದರೂ ಅಷ್ಟು ಕೊಡಬೇಕು. ಇಲ್ಲವಾದರೆ ಒಂದೊಂದು ಸೆಷನ್ನಿಗೆ ಇಷ್ಟು ಅಂತ. ಯಾವುದು ಸರಿ?

ಬೀದರ ಕೊಳಾರ:
ಸರ್, ನಾನು ಎರಡೂ ನಡೆಸಿ ನೋಡಿದ್ದೇನೆ. ತಲೆಗಿಷ್ಟು ಅನ್ನೋದು ಇನ್ಶೂರೆನ್ಸ್ ಕಂತಿನ ಹಾಗೆ. ಸಾಮಾನ್ಯವಾಗಿ ಮನೆಯವರೂ ಅದರಲ್ಲೇ ಬರುತ್ತಾರೆ, ಕೇಳಿ ಖಚಿತ ಮಾಡಿಕೊಳ್ಳಿ. ಒಂದು ಸಮಸ್ಯೆಗೆ ಮೂರರಿಂದ ಎಂಟು ಸೆಷನ್ ಕೊಡುವುದು ವಾಡಿಕೆ. ಆಮೇಲೂ ಬೇಕಿದ್ದರೆ ಡಾಕ್ಟರ ಹತ್ತಿರ ಕಳಿಸುತ್ತಾರೆ. ಇದರಲ್ಲಿ ಒಂದು ತೊಂದರೆ ಇದೆ: ಯಾರೂ ಫೋನ್ ಮಾಡದಿದ್ದರೆ ಅವರಿಗೇ ಲಾಭ. ಅದಕ್ಕೆ ವರ್ಷಕ್ಕೆ ಇಷ್ಟು ಸಲ ಮಿಲ್ಲಿಗೇ ಬಂದು ಜನರ ಜೊತೆ ಮಾತಾಡಬೇಕು ಅಂತ ಕರಾರಿನಲ್ಲೇ ಬರೆಸಿ.

ಸೆಷನ್ ಲೆಕ್ಕ ಅಗ್ಗ ಅನ್ನಿಸುತ್ತೆ. ಆದರೆ ಬಿಲ್ ಬಂದ ಕೂಡಲೇ ಮಾಲೀಕರು ‘ಯಾರು ಹೋಗಿದ್ದರು?’ ಅಂತ ಕೇಳುತ್ತಾರೆ. ಕೆಟ್ಟ ಮನಸ್ಸಿನಿಂದಲ್ಲ, ದುಡ್ಡು ಕೊಡುವವರು ಕೇಳೇ ಕೇಳುತ್ತಾರೆ. ಬಿಲ್ಲಿನಲ್ಲಿ ಹೆಸರು ಬರಬಾರದು, ಎಷ್ಟು ಸೆಷನ್ ಅನ್ನೋ ಲೆಕ್ಕ ಮಾತ್ರ. ವಿಭಾಗವಾರು ರಿಪೋರ್ಟೂ ಬೇಡ. ನಿಮ್ಮ ಸಾರ್ಟೆಕ್ಸ್‌ನಲ್ಲಿ ಎಷ್ಟು ಜನ, ಮೂವರಾ? ‘ಸಾರ್ಟೆಕ್ಸ್ 1’ ಅಂತ ಬರೆದರೆ ಹೆಸರು ಬರೆದ ಹಾಗೇ ಅಲ್ವಾ?

ಕಡೇಚೂರು ಶಿಫ್ಟ್:
ಬೀದರದ ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಮೊದಲು ಇದ್ದ ಕಡೆ ಕೌನ್ಸೆಲರ್ ಹತ್ತಿರ ಎರಡು ಸಲ ಹೋಗಿದ್ದೆ. ಮೂರನೇ ವಾರ ಸೂಪರ್‌ವೈಸರ್ ಕ್ಯಾಂಟೀನಿನಲ್ಲಿ ಎಲ್ಲರ ಎದುರು ‘ತಲಿ ಸರಿ ಆತೇನಪಾ?’ ಅಂದ. ಕೈಯಲ್ಲಿದ್ದ ರೊಟ್ಟಿ ಹಾಗೇ ಇಟ್ಟು ಎದ್ದು ಬಂದೆ. ಆಮೇಲೆ ಅಲ್ಲಿ ಒಬ್ಬರೂ ಆ ನಂಬರಿಗೆ ಫೋನ್ ಮಾಡಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಗುಟ್ಟು ಕಾಯುವ ಹಕ್ಕು ಬರೆದಿದೆ. ಆದರೆ ಕ್ಯಾಂಟೀನಿನಲ್ಲಿ ಅದನ್ನು ಯಾರು ಓದುತ್ತಾರೆ?

ಸಹಿ ಮಾಡುವ ಮುಂಚೆ ರಾತ್ರಿ ಹನ್ನೊಂದಕ್ಕೆ ನೀವೇ ಬೆಂಗಳೂರಿನ ಕಂಪನಿಯ ನಂಬರಿಗೆ ಫೋನ್ ಹಚ್ಚಿ. ನಮ್ಮ ಕಡೆಯ ಕನ್ನಡದಲ್ಲಿ ಮಾತಾಡಿ, ದಖನಿ ಉರ್ದು ಬಲ್ಲ ಗೆಳೆಯನಿಂದಲೂ ಮಾತಾಡಿಸಿ. ಅವರಿಗೆ ತಿಳಿಯದಿದ್ದರೆ ತಲೆಗೆ ಕೊಡುವ 60 ರೂಪಾಯಿ ವ್ಯರ್ಥ. ಅಲ್ಲಿಯವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಪುಕ್ಕಟೆ, ಕನ್ನಡದಲ್ಲೂ ಮಾತಾಡುತ್ತಾರೆ.

ಬೀದರ ಕೊಳಾರ:
ಇನ್ನೊಂದು ಮಾತು. ಸಂಬಳ 21,000ದ ಒಳಗಿದ್ದು ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಕಟ್ಟುತ್ತಿದ್ದರೆ ಆಪರೇಟರನ್ನು ಸೇಡಂ ರಸ್ತೆಯ ಇಎಸ್‌ಐ ಆಸ್ಪತ್ರೆಗೆ ಕಳಿಸಿ. ಮೂರು ತಿಂಗಳಿಂದ ನಿದ್ದೆ ಇಲ್ಲ, ಕೈ ನಡುಗುತ್ತಿದೆ ಅಂದರೆ ಡಾಕ್ಟರೇ ನೋಡಬೇಕು. ಕೊಟೇಶನ್ ಪಾಸಾಗುವವರೆಗೆ ಕಾಯಬೇಡಿ.

ಕಪನೂರ ಲೆಕ್ಕದವನು:
ನಿಮ್ಮಿಬ್ಬರಿಗೂ ಕೈ ಮುಗಿಯುತ್ತೇನೆ. ನಿನ್ನೆ ರಾತ್ರಿ ಬೆಂಗಳೂರಿನ ಕಂಪನಿಯ ನಂಬರಿಗೆ ಫೋನ್ ಹಚ್ಚಿದೆ. ಮೊದಲು ಇಂಗ್ಲಿಷ್, ಆಮೇಲೆ ಹಿಂದಿ, ಹತ್ತು ನಿಮಿಷ ಬಿಟ್ಟು ಕನ್ನಡದ ಹೆಣ್ಣುಮಗಳೊಬ್ಬರು ಬಂದರು. ತಾಳ್ಮೆಯಿಂದ ಕೇಳಿಸಿಕೊಂಡರು. ಆದರೆ ನಿದ್ದೆ ಇಲ್ಲದವನು ಹತ್ತು ನಿಮಿಷ ಫೋನ್ ಹಿಡಿದು ಕೂರುವುದಿಲ್ಲ. ಕನ್ನಡಕ್ಕೆ ನೇರ ನಂಬರ್ ಬೇಕು, ಬಿಲ್ಲಿನಲ್ಲಿ ಹೆಸರು ಬೇಡ, ವಿಭಾಗ ಬೇಡ, ಮೂರು ತಿಂಗಳಿಗೊಮ್ಮೆ ಮಿಲ್ಲಿಗೆ ಬರಬೇಕು ಅಂತ ಬರೆದು ಕಳಿಸಿದ್ದೇನೆ. ಒಪ್ಪಿದರೆ ತಲೆಗಿಷ್ಟು ಅಂತಲೇ ಮಾಡುತ್ತೇವೆ.

ಸೋಮವಾರ ಆಪರೇಟರನ್ನು ನಾನೇ ಬೈಕಿನಲ್ಲಿ ಇಎಸ್‌ಐ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಹಾಜರಿ ಪುಸ್ತಕದಲ್ಲಿ ಇಬ್ಬರದೂ ‘ಸ್ವಂತ ಕೆಲಸ’ ಅಂತ ಬರೆದಿದ್ದೇನೆ.