ಅಪ್ಪನಿಗೆ ಲೈಬ್ರರಿ ರೂಢಿ ಮಾಡಿಸುವುದು ಹೇಗೆ? ನಿಮ್ಮ ಅನುಭವ ಹೇಳಿ

ಕೇಳಿದವರು:

ಅಮ್ಮ ತೀರಿಕೊಂಡ ಮೇಲೆ ಅಪ್ಪ ಒಬ್ಬರೇ ಇರುವುದು ಬೇಡ ಅಂತ ನಮ್ಮ ಮನೆಗೇ ಕರೆದುಕೊಂಡು ಬಂದೆವು. ನಾಲ್ಕು ತಿಂಗಳಾಯಿತು. ಅವರಿಗೆ 71 ವರ್ಷ. ಈ ನಗರದಲ್ಲಿ ಅವರಿಗೆ ಗುರುತಿನವರು ಯಾರೂ ಇಲ್ಲ. ನಾವಿಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆ. ಏಳು ವರ್ಷದ ಮಗಳು ಶಾಲೆಗೆ ಹೋಗುತ್ತಾಳೆ. ಅಪ್ಪ ದಿನವಿಡೀ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಮೊದಲು ತುಂಬಾ ಓದುತ್ತಿದ್ದರು. ಈಗ ಕಣ್ಣು ಸ್ವಲ್ಪ ಮಂದ, ಸಣ್ಣ ಅಕ್ಷರ ಕಾಣುವುದಿಲ್ಲ.

ಹತ್ತು ನಿಮಿಷ ನಡೆದರೆ ಒಂದು ಸಾರ್ವಜನಿಕ ಲೈಬ್ರರಿ ಇದೆ. ಒಂದು ಭಾನುವಾರ ಕರೆದುಕೊಂಡು ಹೋದೆ. ಬಾಗಿಲಲ್ಲೇ ನಿಂತು ಒಳಗೆ ನೋಡಿದರು. "ಎಲ್ಲ ಓದೋ ಹುಡುಗರೇ ಇದ್ದಾರೆ, ಇಲ್ಲಿ ನನಗೇನು ಕೆಲಸ" ಅಂತ ಹೇಳಿ ವಾಪಸ್ ಹೊರಟುಬಿಟ್ಟರು. ಓದುವುದೆಲ್ಲ ಫೋನಿನಲ್ಲೇ ಸಿಗುವಾಗ ಅಲ್ಲಿಗೆ ಯಾಕೆ ಕಳಿಸಬೇಕು ಅಂತ ನನ್ನ ಗಂಡ ಕೇಳುತ್ತಾರೆ. ನಿಮ್ಮಲ್ಲಿ ಯಾರಾದರೂ ಮನೆಯ ಹಿರಿಯರಿಗೆ ಲೈಬ್ರರಿ ರೂಢಿ ಮಾಡಿಸಿದ್ದೀರಾ? ದಿನಾ ಹೋಗುವವರಿದ್ದರೆ ಅಲ್ಲಿ ಏನು ಮಾಡುತ್ತೀರಿ ಅಂತಲೂ ಹೇಳಿ.

ನಿವೃತ್ತ ಗ್ರಂಥಪಾಲಕಿ:

ಬಾಗಿಲಿನಿಂದಲೇ ಹಿಂದೆ ಹೋಗುವವರನ್ನು ಮೂವತ್ತು ವರ್ಷ ನೋಡಿದ್ದೇನಮ್ಮ. ನಿಮ್ಮ ತಂದೆಗೆ ಓದುವ ಆಸೆ ಹೋಗಿದೆ ಅಂತ ಅಂದುಕೊಳ್ಳಬೇಡಿ. ಅಷ್ಟು ಜನ ಒಟ್ಟಿಗೆ ತಲೆಯೆತ್ತಿ ನೋಡಿದರೆ ಯಾರಿಗಾದರೂ ಸಂಕೋಚವಾಗುತ್ತದೆ. ಭಾನುವಾರ ಜನ ಜಾಸ್ತಿ. ವಾರದ ದಿನ, ಬಾಗಿಲು ತೆರೆದ ಮೊದಲ ಅರ್ಧ ಗಂಟೆಯಲ್ಲಿ ಕರೆದುಕೊಂಡು ಹೋಗಿ. ಪುಸ್ತಕದ ಕಪಾಟಿನ ಕಡೆ ಹೋಗಲೇಬೇಡಿ. ನೇರವಾಗಿ ಪತ್ರಿಕೆಗಳ ಮೇಜಿಗೆ ಹೋಗಿ.

ಆ ಮೇಜು ಒಂದು ಬೇರೆಯೇ ಲೋಕ. ನಮ್ಮಲ್ಲಿ ಬೆಳಿಗ್ಗೆ ಐದಾರು ಜನ ಹಿರಿಯರು ಬಾಗಿಲು ತೆಗೆಯುವುದನ್ನೇ ಕಾಯುತ್ತಿದ್ದರು. ಯಾರ ಕುರ್ಚಿ ಯಾವುದು, ಯಾರು ಯಾವ ಪತ್ರಿಕೆ ಮೊದಲು ಓದಬೇಕು, ಎಲ್ಲವೂ ಮಾತಿಲ್ಲದೆ ತೀರ್ಮಾನವಾಗಿತ್ತು. ಮೂರು ತಿಂಗಳು ಅಕ್ಕಪಕ್ಕ ಕೂತರೂ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರುತ್ತಿರಲಿಲ್ಲ. ಆದರೆ ಒಬ್ಬರು ಎರಡು ದಿನ ಬರಲಿಲ್ಲ ಅಂದರೆ ಉಳಿದವರು ನಮ್ಮ ಕೌಂಟರಿಗೆ ಬಂದು "ಅವರು ಯಾಕೆ ಬಂದಿಲ್ಲ?" ಅಂತ ಕೇಳುತ್ತಿದ್ದರು. ಒಮ್ಮೆ ಹಾಗೆ ಕೇಳಿದ ಮೇಲೆ ನಾನೇ ಮನೆಗೆ ಫೋನ್ ಮಾಡಿದೆ. ಜ್ವರ ಬಂದು ಮಲಗಿದ್ದರು, ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ನಗರದಲ್ಲಿ ಒಬ್ಬರೇ ಇರುವ ವಯಸ್ಸಾದವರು ಎರಡು ದಿನ ಕಾಣಿಸಲಿಲ್ಲ ಅಂತ ಗಮನಿಸುವ ಜಾಗ ಎಷ್ಟಿದೆ ಹೇಳಿ?

ಇನ್ನು ಕಣ್ಣಿನ ವಿಷಯ. ದೊಡ್ಡ ಅಕ್ಷರದ ಪುಸ್ತಕ, ಭೂತಗನ್ನಡಿ, ಕೇಳುವ ಪುಸ್ತಕ ಇದೆಯಾ ಅಂತ ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಿ. ಎಷ್ಟೋ ಕಡೆ ಇವು ಒಳಗಿನ ಬೀರುವಿನಲ್ಲಿರುತ್ತವೆ. ಯಾರೂ ಕೇಳುವುದಿಲ್ಲ, ಹಾಗಾಗಿ ಹೊರಗೆ ಇಡುವುದಿಲ್ಲ. ಮುದ್ರಿತ ಪುಸ್ತಕ ಓದಲಾಗದಷ್ಟು ದೃಷ್ಟಿದೋಷ ಇರುವವರಿಗಾಗಿ 2013ರಲ್ಲಿ ಮರಕೇಶ್ ಒಪ್ಪಂದ ಆಯಿತು. ಅದನ್ನು ಒಪ್ಪಿದ ದೇಶಗಳಲ್ಲಿ ಇಂಥವರಿಗಾಗಿ ಪುಸ್ತಕವನ್ನು ಬ್ರೈಲ್, ದೊಡ್ಡ ಅಕ್ಷರ ಅಥವಾ ಧ್ವನಿಯ ರೂಪಕ್ಕೆ ತರಲು ಹಕ್ಕುದಾರರ ಅನುಮತಿ ಬೇಕಿಲ್ಲ. ಅದನ್ನು ಮೊದಲು ಅನುಮೋದಿಸಿದ ದೇಶ ಭಾರತ, 2014ರಲ್ಲಿ. ನಿಮ್ಮ ತಂದೆಗೆ ಅಷ್ಟರ ಮಟ್ಟಿಗೆ ತೊಂದರೆ ಇಲ್ಲದಿರಬಹುದು. ಆದರೂ ತಿಳಿದಿರಲಿ.

ಕನ್ನಡ ಪುಸ್ತಕ ಓದುವವರಾದರೆ ಇನ್ನೊಂದು ಸಣ್ಣ ಸಂಗತಿ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿ ಇರುವ ಲೈಬ್ರರಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ಆ ಸಂಖ್ಯೆ ಚೀಟಿಯಲ್ಲಿ ಬರೆದುಕೊಡಿ. ಗೊತ್ತಿಲ್ಲದ ಊರಿನ ಲೈಬ್ರರಿಯಲ್ಲೂ ಯಾರನ್ನೂ ಕೇಳದೆ ತಮ್ಮ ಕಪಾಟಿನ ಮುಂದೆ ಹೋಗಿ ನಿಲ್ಲಬಹುದು. ಕಪಾಟು ಖಾಲಿ ಇದ್ದರೆ ಬೇರೆ ಶಾಖೆಯಿಂದ ತರಿಸಿಕೊಡಿ ಅಂತ ಕೇಳಿ. ಹಾಗೆ ತರಿಸುವ ವ್ಯವಸ್ಥೆ ತುಂಬಾ ಕಡೆ ಇದೆ. ಓದುಗನ ಸಮಯ ಉಳಿಸಬೇಕು ಅನ್ನುವುದು ನಮ್ಮ ದೇಶದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಲೈಬ್ರರಿಗಳಿಗಾಗಿ 1931ರಲ್ಲಿ ಹೇಳಿದ ಐದು ಸೂತ್ರಗಳಲ್ಲಿ ಒಂದು. ಕೇಳುವವರು ನಮಗೆ ತೊಂದರೆ ಕೊಡುತ್ತಿಲ್ಲ, ನಮ್ಮ ಕೆಲಸವೇ ಅದು.

ಪರೀಕ್ಷೆಗೆ ಓದಿದವನು:

ಅಕ್ಕಾ, ನಿಮ್ಮ ಅಪ್ಪ ನೋಡಿ ಹಿಂಜರಿದ ಆ ಹುಡುಗರಲ್ಲಿ ನಾನೂ ಒಬ್ಬನಾಗಿದ್ದೆ. ಎರಡು ವರ್ಷ ಲೈಬ್ರರಿಯಲ್ಲೇ ಕೂತು ಓದಿದೆ. ಮನೆಯಲ್ಲಿ ಒಂದೇ ಕೋಣೆ, ಐದು ಜನ. ಒಬ್ಬರು ಮಲಗಿದರೆ ದೀಪ ಆರಿಸಬೇಕಿತ್ತು. ನನಗೆ ಬೇಕಾಗಿದ್ದದ್ದು ಪುಸ್ತಕಕ್ಕಿಂತ ಜಾಸ್ತಿ ಒಂದು ಮೇಜು, ಬೆಳಕು ಮತ್ತು ಯಾರೂ ಎಬ್ಬಿಸದ ಕುರ್ಚಿ.

ನನ್ನ ಎದುರು ಒಬ್ಬರು ಅಜ್ಜ ಕೂರುತ್ತಿದ್ದರು. ನಾನು ಎರಡು ಗಂಟೆ ಅಲ್ಲಾಡದೆ ಕೂತರೆ ಗಡಿಯಾರ ತೋರಿಸಿ, ಎದ್ದು ಸ್ವಲ್ಪ ಓಡಾಡು ಅಂತ ಕೈಸನ್ನೆ ಮಾಡುತ್ತಿದ್ದರು. ಮೊದಲ ಸಲ ಪರೀಕ್ಷೆಯಲ್ಲಿ ಫೇಲಾಗಿ ಹದಿನೈದು ದಿನ ಲೈಬ್ರರಿಗೆ ಹೋಗಲಿಲ್ಲ. ಮತ್ತೆ ಹೋದ ದಿನ ಅವರು ಏನೂ ಕೇಳಲಿಲ್ಲ. ನನ್ನ ಕುರ್ಚಿಯ ಮೇಲಿಟ್ಟಿದ್ದ ತಮ್ಮ ಚೀಲ ತೆಗೆದು ಕೆಳಗಿಟ್ಟರು. ಅಷ್ಟೂ ದಿನ ಆ ಜಾಗ ಹಿಡಿದಿಟ್ಟಿದ್ದರಂತೆ. ಇವತ್ತಿಗೂ ನೆನೆಸಿಕೊಂಡರೆ ಗಂಟಲು ಕಟ್ಟುತ್ತದೆ. ಆ ಹುಡುಗರ ನಡುವೆ ತಮಗೇನು ಕೆಲಸ ಅಂತ ನಿಮ್ಮ ಅಪ್ಪ ಕೇಳಿದರೆ ಇದನ್ನು ಓದಿ ಹೇಳಿ.

ಬೇರೆ ಅನುಭವ ಆದವರು:

ಎಲ್ಲರೂ ಒಳ್ಳೆಯದನ್ನೇ ಹೇಳಿದ್ದೀರಿ, ಸಂತೋಷ. ಆದರೆ ಎಲ್ಲ ಲೈಬ್ರರಿಗಳೂ ಹಾಗಿರುವುದಿಲ್ಲ. ನಮ್ಮ ಅತ್ತೆಯನ್ನು ಕರೆದುಕೊಂಡು ಹೋದ ಕಡೆ ಓದುವ ಕೋಣೆ ಇದ್ದದ್ದು ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಶೌಚಾಲಯಕ್ಕೆ ಬೀಗ. ಕಪಾಟುಗಳಿಗೂ ಬೀಗ. ಯಾವ ಪುಸ್ತಕ ಬೇಕು ಹೇಳಿ, ತಂದುಕೊಡುತ್ತೇವೆ ಅಂದರು. ಕಣ್ಣಿಗೆ ಕಾಣದ ಪುಸ್ತಕದ ಹೆಸರು ಹೇಳುವುದು ಹೇಗೆ? ಅತ್ತೆ ಎರಡನೇ ಸಲ ಬರಲಿಲ್ಲ.

ಹಾಗಾಗಿ ಅವರನ್ನು ಕರೆದುಕೊಂಡು ಹೋಗುವ ಮುಂಚೆ ನೀವೊಬ್ಬರೇ ಹೋಗಿ ನೋಡಿಬನ್ನಿ. ಮೆಟ್ಟಿಲು ಎಷ್ಟು, ಶೌಚಾಲಯ ಯಾವ ಕಡೆ, ಅದು ತೆರೆದಿರುತ್ತದಾ, ಕುರ್ಚಿಗೆ ಕೈ ಇದೆಯಾ. ಕೈಯಿಲ್ಲದ ಕುರ್ಚಿಯಿಂದ ಏಳುವುದು ಮಂಡಿನೋವು ಇರುವವರಿಗೆ ತುಂಬಾ ಕಷ್ಟ. ಮಧ್ಯಾಹ್ನ ಬಾಗಿಲು ಹಾಕುತ್ತಾರಾ ಅಂತಲೂ ಕೇಳಿ, ಬಿಸಿಲಿನಲ್ಲಿ ಹೊರಗೆ ನಿಲ್ಲುವಂತಾಗಬಾರದು. ನಮ್ಮ ಮನೆಯಿಂದ ಬಸ್ಸಿನಲ್ಲಿ ಮೂರು ಸ್ಟಾಪ್ ದೂರದ ಶಾಖೆ ಇದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಅದು ಗೊತ್ತಾಗುವ ಹೊತ್ತಿಗೆ ಅತ್ತೆಯ ಮನಸ್ಸು ಮುರಿದಿತ್ತು. ಆ ಬೇಸರ ನನಗೆ ಈಗಲೂ ಇದೆ. ನಿಮಗೆ ಹಾಗಾಗದಿರಲಿ.

ಇಬ್ಬರು ಮಕ್ಕಳ ತಾಯಿ:

ನೀವು ಅಪ್ಪನನ್ನು ಲೈಬ್ರರಿಗೆ ಕರೆದುಕೊಂಡು ಹೋಗಬೇಡಿ. ಮಗಳನ್ನು ಕರೆದುಕೊಂಡು ಹೋಗುವ ಕೆಲಸ ಅಪ್ಪನಿಗೆ ಕೊಡಿ. ನಮ್ಮ ಮನೆಯಲ್ಲಿ ಇದೇ ನಡೆದದ್ದು.

ಮಾವ ಹೊರಗೆ ಕಾಲಿಡುತ್ತಿರಲಿಲ್ಲ. ಶನಿವಾರ ಮಕ್ಕಳಿಗೆ ಕಥೆ ಹೇಳುವ ಕಾರ್ಯಕ್ರಮ ಇತ್ತು. ನನಗೆ ಆಫೀಸು. "ನೀವೇ ಕರ್ಕೊಂಡು ಹೋಗಿ ಮಾವ, ಬೇರೆ ಯಾರೂ ಇಲ್ಲ" ಅಂದೆ. ಹೋದರು. ತಮಗೋಸ್ಕರ ಹೋಗು ಅಂದಿದ್ದರೆ ಹೋಗುತ್ತಿರಲಿಲ್ಲ, ಮೊಮ್ಮಗಳಿಗೋಸ್ಕರ ಹೋದರು. ಎರಡು ವಾರದಲ್ಲಿ ಅವಳಿಗೆ ಪುಸ್ತಕ ಆರಿಸಿ ತರುವುದೂ ಅವರದೇ ಕೆಲಸವಾಯಿತು. ಮಕ್ಕಳ ಪುಸ್ತಕದಲ್ಲಿ ಅಕ್ಷರ ದಪ್ಪ, ಸಾಲುಗಳ ನಡುವೆ ಜಾಗ ಜಾಸ್ತಿ ಅಲ್ವಾ? ಮಾವನಿಗೂ ಕಣ್ಣು ಮಂದವೇ. ವರ್ಷಗಳ ನಂತರ ಒಂದು ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದ್ದು ಆಗ. ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ನಾನು ಅಡುಗೆಮನೆಯಲ್ಲಿ ಕೆಲಸ ನಿಲ್ಲಿಸಿ ಕೇಳುತ್ತಿದ್ದೆ.

ಒಂದು ಭಯ ಮೊದಲೇ ಕಳೆಯಬೇಕು. ಮಕ್ಕಳು ಪುಸ್ತಕ ಹರಿದರೆ, ಕೊಡುವುದು ತಡವಾದರೆ ದಂಡ ಹಾಕುತ್ತಾರೆ ಅಂತ ಹಿರಿಯರು ಹೆದರುತ್ತಾರೆ. ನಮ್ಮ ಮಾವ ಪುಸ್ತಕವನ್ನು ಅಟ್ಟದ ಮೇಲೆ ಇಟ್ಟುಬಿಟ್ಟಿದ್ದರು! ನಿಯಮ ಏನು ಅಂತ ಕೇಳಿ ತಿಳಿದುಕೊಳ್ಳಿ. ಶಿಕಾಗೋ ನಗರದ ಲೈಬ್ರರಿಗಳು 2019ರಲ್ಲಿ, ನ್ಯೂಯಾರ್ಕಿನವು 2021ರಲ್ಲಿ ತಡವಾದ ದಂಡವನ್ನೇ ತೆಗೆದುಹಾಕಿದವು. ದಂಡಕ್ಕೆ ಹೆದರಿ ಬರುವುದನ್ನೇ ಬಿಡುವವರು ಬಡವರು ಮತ್ತು ಮಕ್ಕಳು ಅನ್ನುವುದು ಅವರಿಗೆ ಕಂಡಿತ್ತು. ನನ್ನ ಮಟ್ಟಿಗೆ ಅದು ಸರಿಯಾದ ತೀರ್ಮಾನ. ಎಲ್ಲ ಕಡೆಯೂ ಹೀಗೆ ಆಗಬೇಕು.

ಕೆಲಸ ಕಳೆದುಕೊಂಡಿದ್ದವರು:

ನಿಮ್ಮ ಯಜಮಾನರು ಫೋನ್ ಇದೆಯಲ್ಲ ಅಂದರಲ್ಲ, ಅದಕ್ಕೆ ನನ್ನ ಕಥೆ ಹೇಳುತ್ತೇನೆ.

ಕೆಲಸ ಹೋದಾಗ ನನ್ನ ಕೈಯಲ್ಲೂ ಒಳ್ಳೆಯ ಫೋನ್ ಇತ್ತು. ಇಲ್ಲದ್ದು ಹಗಲು ಹೊತ್ತಿನಲ್ಲಿ ಹೋಗಿ ಕೂರುವ ಜಾಗ. ಮನೆಯಲ್ಲಿದ್ದರೆ ಪಕ್ಕದ ಮನೆಯವರು ರಜೆಯಾ ಅಂತ ಕೇಳುತ್ತಿದ್ದರು. ಹೋಟೆಲಿನಲ್ಲಿ ಏನಾದರೂ ಕೊಳ್ಳಬೇಕು. ಮಾಲಿನಲ್ಲಿ ಸುಮ್ನೆ ಕೂತರೆ ಕಾವಲುಗಾರ ಬಂದು ನಿಲ್ಲುತ್ತಾನೆ. ಐದು ತಿಂಗಳು ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಲೈಬ್ರರಿಗೆ ಹೋದೆ. ಅಲ್ಲಿನ ಕಂಪ್ಯೂಟರಿನಲ್ಲಿ ಅರ್ಜಿ ತುಂಬಿದೆ, ಪ್ರಿಂಟ್ ತೆಗೆಸಿಕೊಂಡೆ. ಯಾಕೆ ಬಂದೆ, ಎಷ್ಟು ಹೊತ್ತು ಇರುತ್ತೀಯ ಅಂತ ಒಬ್ಬರೂ ಕೇಳಲಿಲ್ಲ. ಆ ಕೇಳದಿರುವುದರ ಬೆಲೆ ಅಂಥ ಸ್ಥಿತಿಗೆ ಬಂದವರಿಗೇ ಗೊತ್ತು.

ಮನೆ ಒಂದು ಜಾಗ, ದುಡಿಯುವಲ್ಲಿ ಇನ್ನೊಂದು, ಇವೆರಡೂ ಅಲ್ಲದ ಮೂರನೆಯ ಜಾಗವೂ ಮನುಷ್ಯನಿಗೆ ಬೇಕು ಅಂತ ರೇ ಓಲ್ಡನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞರು 1989ರಲ್ಲಿ ಬರೆದರು. ನಿಮ್ಮ ತಂದೆಗೆ ದುಡಿಯುವ ಜಾಗ ಮುಗಿದಿದೆ. ಮನೆಯೂ ಅವರದಲ್ಲ, ಮಗಳದ್ದು. ನೀವು ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಅವರ ಮನಸ್ಸಿನಲ್ಲಿ ಅದು ಇರಬಹುದು. ಲೈಬ್ರರಿಯ ಕಾರ್ಡಿನಲ್ಲಿ ಮಾತ್ರ ಅವರದೇ ಹೆಸರು ಇರುತ್ತದೆ.

ಇನ್ನೂ ಒಂದು. 2012ರಲ್ಲಿ ಸ್ಯಾಂಡಿ ಚಂಡಮಾರುತ ಬಂದು ನ್ಯೂಯಾರ್ಕ್, ನ್ಯೂಜೆರ್ಸಿ ಕಡೆ ಕರೆಂಟು ಹೋದಾಗ ಜನ ಫೋನ್ ಚಾರ್ಜ್ ಮಾಡಿಕೊಳ್ಳಲು, ಪರಿಹಾರದ ಅರ್ಜಿ ತುಂಬಲು ಹೋದದ್ದು ಕರೆಂಟಿದ್ದ ಲೈಬ್ರರಿಗಳಿಗೆ. ಫೋನ್ ಇದ್ದರೂ ಅದಕ್ಕೆ ಜೀವ ತುಂಬುವ ಜಾಗ ಬೇಕಾಯಿತು.

ಹೊಲಿಗೆ ಕಲಿಯುತ್ತಿರುವವರು:

ಚಿಕ್ಕ ಉತ್ತರ. ಓದುವುದನ್ನೇ ಮುಂದೆ ಇಡಬೇಡಿ. ಫಿನ್‌ಲ್ಯಾಂಡಿನ ಹೆಲ್ಸಿಂಕಿಯಲ್ಲಿ 2018ರ ಡಿಸೆಂಬರಿನಲ್ಲಿ ತೆರೆದ ಊಡಿ ಎಂಬ ಲೈಬ್ರರಿಯಲ್ಲಿ ಹೊಲಿಗೆ ಯಂತ್ರಗಳೂ ಇವೆ, ಹಾಡು ರೆಕಾರ್ಡ್ ಮಾಡುವ ಕೋಣೆಗಳೂ ಇವೆ. ನಾನು ಹೋಗುವ ಕಡೆ ಅಷ್ಟೆಲ್ಲ ಇಲ್ಲ. ಆದರೆ ಬುಧವಾರ ಒಂದು ಮೇಜಿನ ಸುತ್ತ ಎಂಟು ಹೆಂಗಸರು ಸೇರುತ್ತೇವೆ. ನಿಮ್ಮ ಅಪ್ಪನಿಗೆ ಚೆಸ್ ಬರುತ್ತದಾ? ಗಿಡ ಬೆಳೆಸುತ್ತಿದ್ದರಾ? ಅಲ್ಲಿನ ನೋಟೀಸ್ ಬೋರ್ಡ್ ಒಮ್ಮೆ ನೋಡಿ.

ಕೇಳಿದವರು:

ಎಲ್ಲರ ಉತ್ತರವನ್ನೂ ರಾತ್ರಿ ಮಗಳು ಮಲಗಿದ ಮೇಲೆ ಎರಡೆರಡು ಸಲ ಓದಿದೆ. ಪರೀಕ್ಷೆಗೆ ಓದಿದ ತಮ್ಮನ ಉತ್ತರವನ್ನು ಅಪ್ಪನಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ "ಆ ಹುಡುಗ ಪಾಸಾದನಾ?" ಅಂತ ಕೇಳಿದರು.

ನಿನ್ನೆ ರಜೆ ಹಾಕಿ ನಾನೇ ಹೋಗಿ ನೋಡಿಬಂದೆ. ನೆಲಮಹಡಿಯಲ್ಲೇ ಪತ್ರಿಕೆಯ ಮೇಜು ಇದೆ, ಕುರ್ಚಿಗೆ ಕೈ ಇದೆ, ಶೌಚಾಲಯ ಪರವಾಗಿಲ್ಲ. ದೊಡ್ಡ ಅಕ್ಷರದ ಪುಸ್ತಕ ಕೇಳಿದ್ದಕ್ಕೆ ಒಳಗಿನಿಂದ ನಾಲ್ಕು ತಂದು ತೋರಿಸಿದರು. ಶನಿವಾರ ಮಗಳನ್ನು ಕರೆದುಕೊಂಡು ಹೋಗಲು ಅಪ್ಪ ಒಪ್ಪಿದ್ದಾರೆ. ಆದರೆ ಒಂದು ತೊಡಕು. ಸದಸ್ಯತ್ವಕ್ಕೆ ಈ ನಗರದ ವಿಳಾಸದ ದಾಖಲೆ ಕೇಳುತ್ತಿದ್ದಾರೆ. ಅಪ್ಪನ ಎಲ್ಲ ಕಾಗದಗಳೂ ಹಳೆಯ ವಿಳಾಸದಲ್ಲಿವೆ. ನನ್ನ ಕಾರ್ಡಿನಲ್ಲೇ ಅವರಿಗೆ ಪುಸ್ತಕ ತರಬಹುದು, ಆದರೆ ಮೇಲೆ ಒಬ್ಬರು ಹೇಳಿದ ಮಾತು ಮನಸ್ಸಿಗೆ ನಾಟಿದೆ. ಕಾರ್ಡ್ ಅವರ ಹೆಸರಿನಲ್ಲೇ ಇರಬೇಕು. ದಾರಿ ಇದೆಯಾ?

ಪರೀಕ್ಷೆಗೆ ಓದಿದವನು:

ಪಾಸಾದೆ ಅಂತ ಹೇಳಿ ಅಕ್ಕಾ. ಎರಡನೇ ಸಲಕ್ಕೆ.

ನಿವೃತ್ತ ಗ್ರಂಥಪಾಲಕಿ:

ಇದೆ. ಕೂತು ಓದಲು ಹೆಚ್ಚಿನ ಕಡೆ ಕಾರ್ಡೇ ಬೇಕಿಲ್ಲ, ರಿಜಿಸ್ಟರಿನಲ್ಲಿ ಹೆಸರು ಬರೆದು ಸಹಿ ಮಾಡಿದರೆ ಸಾಕು. ಶನಿವಾರ ಅದನ್ನು ಅವರ ಕೈಯಿಂದಲೇ ಮಾಡಿಸಿ. ಎಷ್ಟು ಜನ ಬಂದರು ಅನ್ನುವ ಲೆಕ್ಕ ಅಲ್ಲಿಂದಲೇ ಸಿಗುತ್ತದೆ. ಪತ್ರಿಕೆ ತರಿಸಲು, ಬಾಗಿಲು ಹೆಚ್ಚು ಹೊತ್ತು ತೆರೆದಿಡಲು ಹಣ ಕೇಳುವಾಗ ನಾವು ಮುಂದಿಡುತ್ತಿದ್ದದ್ದು ಆ ಲೆಕ್ಕವನ್ನೇ.

ಕಾರ್ಡಿಗೆ, ಅವರು ನಿಮ್ಮ ಜೊತೆ ವಾಸವಾಗಿದ್ದಾರೆ ಅಂತ ನೀವು ಒಂದು ಪತ್ರ ಬರೆದು, ನಿಮ್ಮ ವಿಳಾಸದ ದಾಖಲೆಯ ಪ್ರತಿ ಮತ್ತು ಅವರ ಗುರುತಿನ ಚೀಟಿಯ ಪ್ರತಿ ಲಗತ್ತಿಸಿ. ಜಾಮೀನುದಾರರಾಗಿ ನೀವೇ ಸಹಿ ಮಾಡುತ್ತೀರಿ ಅಂತ ಹೇಳಿ. ನಾವು ಹಾಗೆ ಎಷ್ಟೋ ಕಾರ್ಡ್ ಕೊಟ್ಟಿದ್ದೇವೆ. ಕೌಂಟರಿನವರು ಆಗುವುದಿಲ್ಲ ಅಂದರೆ ಜಗಳ ಬೇಡ, ಮುಖ್ಯ ಗ್ರಂಥಪಾಲಕರನ್ನು ನೋಡಬೇಕು ಅಂತ ಕೇಳಿ. ಬೆಳಿಗ್ಗೆ ಹೊತ್ತು ಹೋಗಿ, ಅವರು ಸಿಗುತ್ತಾರೆ. ಅಪ್ಪನನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅರ್ಜಿ ಅವರೇ ತುಂಬಲಿ. ಭೂತಗನ್ನಡಿ ಮರೆಯಬೇಡಿ, ಅರ್ಜಿಯ ಅಕ್ಷರ ಯಾವಾಗಲೂ ಸಣ್ಣದಿರುತ್ತದೆ.